ಹುಂಡಿಯ ತಲೆ

ಸದರ್ಕ್‌ನ ಒಂದು ನೆಲಮಾಳಿಗೆಯಲ್ಲಿ, ಗಂಟೆಯ ಲೆಕ್ಕದಲ್ಲಿ,
ಹಲ್ಲುಜ್ಜುವ ಬ್ರಷ್ ಹಿಡಿದು
ನಾಲ್ಕು ನೂರು ವರ್ಷದ ಕೆಸರು ತೊಳೆಯುತ್ತೇನೆ.
ಎಲುಬು, ಹೇಜಲ್ ಕಾಯಿಯ ಸಿಪ್ಪೆ, ಸಿಂಪಿಯ ಚಿಪ್ಪು,
ಯಾರದೋ ಬೂಟಿನ ಹಿಮ್ಮಡಿ.
ಆಮೇಲೆ ಇವು: ನಿಂಬೆಹಣ್ಣಿನಷ್ಟು ದಪ್ಪ,
ಮಣ್ಣಿನ ಹುಂಡಿಯ ತಲೆಗಳು, ಮೊಗ್ಗಿನ ಹಾಗೆ ತುದಿ,
ಹಸಿರು ಮೆರುಗು. ಪಕ್ಕದಲ್ಲೊಂದು ಸೀಳು,
ಒಂದು ಪೆನ್ನಿ ಮಾತ್ರ ನುಸುಳುವಷ್ಟು.

ನಾಟಕಶಾಲೆಯ ಮೆಟ್ಟಿಲಲ್ಲಿ ಇದನ್ನು ಹಿಡಿದು ನಿಂತವಳ
ಹೆಸರು ಯಾರೂ ಬರೆದಿಟ್ಟಿಲ್ಲ. ನಾನೇ ಇಟ್ಟೆ: ಥಾಮಸಿನ್.
ಗಂಡ ವೇಷ ಕಟ್ಟುತ್ತಿದ್ದವನು, ಪ್ಲೇಗಿನಲ್ಲಿ ಹೋದ.
ಅವನ ಋಣಕ್ಕೆ ಕಂಪನಿಯವರು ಕೊಟ್ಟದ್ದು
ಈ ಮೆಟ್ಟಿಲು, ಈ ಹುಂಡಿ,
ಅಟ್ಟಣಿಗೆ ಹತ್ತುವವರಿಂದ ಕಾಸು ಕೂಡಿಸುವ ಕೆಲಸ.

ಒಳಗೆ, ಮಧ್ಯಾಹ್ನದ ಬಿಸಿಲಲ್ಲೇ ಪಂಜು ಹಚ್ಚಿ ರಾತ್ರಿ ಮಾಡಿದ್ದಾರೆ.
ದೊರೆಮಗನೊಬ್ಬ ಅಣ್ಣನ ನಿದ್ದೆಯ ಹೊಸ್ತಿಲಲ್ಲಿ ನಿಂತಿದ್ದಾನೆ.
ಎಡಗಿವಿಗೆ ಕೆಂಪು ಬಳಿದುಕೊಂಡ ಒಬ್ಬ,
ಬಲಗಿವಿಗೆ ಹಂಸದ ಗರಿ ಕಟ್ಟಿಕೊಂಡ ಹುಡುಗ,
ಇಬ್ಬರೂ ವಾದಿಸುತ್ತಾರೆ, ಛಂದಸ್ಸು ತಪ್ಪದ ಹಾಗೆ.
ಬೀಳುವ ಮೊದಲು ಅವನಿಗೆ ನೂರು ಸಾಲು,
ಬಿದ್ದ ಮೇಲೆ ಇನ್ನೂರು.
ಅಂಗಿಯೊಳಗೆ ಕುರಿಯ ರಕ್ತದ ಚೀಲ ಒಡೆದಾಗ
ಎರಡು ಸಾವಿರ ಜನ ಒಮ್ಮೆಲೇ ಉಸಿರೆಳೆದದ್ದು
ಮೆಟ್ಟಿಲ ಮೇಲೆ ಅವಳಿಗೆ ಗಾಳಿಯಾಗಿ ತಾಗುತ್ತದೆ.

ಅವಳು ಆಟ ನೋಡಿದವಳಲ್ಲ, ಕೇಳಿದವಳು.
ಕೇಳಿ ಕೇಳಿ ಪಾಪ ಎಂದರೆ ಏನೆಂದು ಚೆನ್ನಾಗಿ ಗೊತ್ತು:
ಅದಕ್ಕೆ ಕಹಳೆ ಬೇಕು, ಮಖಮಲ್ಲು ಬೇಕು,
ನೆಲದ ಕಿಂಡಿಯಿಂದ ಗಂಧಕದ ಹೊಗೆ ಏಳಬೇಕು,
ಏನಿಲ್ಲವೆಂದರೂ ಒಂದು ಕಿರೀಟ.

ಹಾಗಾಗಿ ಆ ಮಂಗಳವಾರ
ಕೈಗವಸು ಹೊಲಿಯುವವನೊಬ್ಬ ತಡವಾಗಿ ಬಂದು
ನಾಣ್ಯ ಸೀಳಿಗೆ ಹಾಕದೆ ಅವಳ ಅಂಗೈಗೇ ತುರುಕಿ
ನಗಾರಿಯ ಸದ್ದಿಗೆ ಮೇಲೆ ಓಡಿದಾಗ
ಅವಳಿಗೆ ಅನಿಸಿದ್ದು ಇಷ್ಟೇ: ಕುತ್ತಿಗೆ ತುರಿಸುತ್ತಿದೆ.

ತುರಿಸಿಕೊಂಡಳು.
ಪೆನ್ನಿ ಕೊರಳಪಟ್ಟಿಯೊಳಗೆ ಜಾರಿ, ತಣ್ಣಗೆ,
ಬೆನ್ನಿನ ಒಂದೊಂದು ಗೆಣ್ಣನ್ನೂ ಮುಟ್ಟಿ ಮಾತಾಡಿಸುತ್ತಾ ಇಳಿದು
ಸೊಂಟದ ಗಂಟಿನ ಹತ್ತಿರ ನಿಂತಿತು.
ಕಿವಿಯಲ್ಲಿ ಯಾರೂ ಏನೂ ಹೇಳಲಿಲ್ಲ.
ಕೆಂಪಿನವನು ಒಳಗೆ ದುಡಿಯುತ್ತಿದ್ದ, ಬಿಡುವಿರಲಿಲ್ಲ.
ಗರಿಯ ಹುಡುಗ ತೆರೆಯ ಹಿಂದೆ ಈರುಳ್ಳಿ ಕಡಿಯುತ್ತಿದ್ದ.

ಪೆನ್ನಿಗೊಂದು ರೊಟ್ಟಿ ಬಂತು.
ಅದಕ್ಕೆ ರೊಟ್ಟಿಯದೇ ರುಚಿ. ಹೆದರಿಕೆ ಆದದ್ದು ಆಗ.

ಮರುದಿನ ಅದೇ ಆಟ. ದೊರೆಮಗನನ್ನು
ದೆವ್ವಗಳು ಕಾಲು ಹಿಡಿದು ಕಿಂಡಿಯೊಳಗೆ ಎಳೆದವು;
ಸಂಜೆ ಅವನು ಹಿಂಬಾಗಿಲಿಂದ ಬಂದು, ಮುಖ ತೊಳೆದು,
ಇವಳ ಮೆಟ್ಟಿಲಲ್ಲೇ ಕೂತು ಬಿಯರ್ ಕುಡಿದ.
‘ಇವತ್ತು ನರಕ ಸ್ವಲ್ಪ ಸೆಖೆ, ಥಾಮಸಿನ್’ ಎಂದ.
ನಕ್ಕಳು. ಕೈ ಕುತ್ತಿಗೆಯ ಮೇಲೇ ಇತ್ತು.

ನಮ್ಮಜ್ಜಿ ಅನ್ನುತ್ತಿದ್ದಳು,
ಚಿತ್ರಗುಪ್ತ ದೊಡ್ಡ ಲೆಕ್ಕ ಮರೆತಾನು, ಚಿಲ್ಲರೆ ಮರೆಯೋನಲ್ಲ.
ಅವನ ದಫ್ತರದಲ್ಲಿ ಕೊಲೆಗೊಂದು ಸಾಲು,
ಕಾಸಿಗೂ ಒಂದೇ ಸಾಲು,
ಎರಡೂ ಬರೀ ಗದ್ಯ.

ಹುಂಡಿಗೆ ಬಾಯುಂಟು, ಬಾಗಿಲಿಲ್ಲ.
ಆಟ ಮುಗಿದ ಮೇಲೆ ಗೋಡೆಗೆ ಬಡಿದು ಒಡೆದು
ಎಣಿಸುತ್ತಿದ್ದರಂತೆ; ಚೂರು ಅಲ್ಲೇ ಕಾಲಡಿಗೆ.
ಒಂದು ಪೆನ್ನಿ ಕಮ್ಮಿ ಎಂದು ಯಾವ ಚೂರು ಹೇಳೀತು?
ದಿನವಿಡೀ ತಿರುಗಿಸಿ ತಿರುಗಿಸಿ ನೋಡಿದ್ದೇನೆ.
ಸೀಳಿನ ಅಂಚು ಮಾತ್ರ ನುಣ್ಣಗೆ ಸವೆದಿದೆ.

ನಾಲ್ಕು ಗಂಟೆಗೆ ಹ್ಯೂ ಬಂದ, ಪಟ್ಟಿ ಹಿಡಿದು.
‘ತಲೆ ಎಷ್ಟು?’
ಬೆಳಗಿನಿಂದ ತೊಳೆದದ್ದು ಹನ್ನೆರಡು.
‘ಹನ್ನೊಂದು’ ಎಂದಿತು ನನ್ನ ಬಾಯಿ.
ಅವನು ಬರೆದುಕೊಂಡ. ಮೇಲೆ ರೈಲೊಂದು ಹಾದುಹೋಯಿತು.
‘ಚಹಾ ಮಾಡಲಾ?’ ಎಂದ,
ಒಳ್ಳೆಯ ಹುಡುಗ.

ಬೇಡ ಅಂದೆ.
ಕೋಟಿನ ಜೇಬಿನಲ್ಲಿ
ಆ ಮೊಗ್ಗು ಇನ್ನೂ ಒದ್ದೆ.